ಸರ್ವರಿಗೆ 256 ಬಣ್ಣದ ಬಯಕೆ

ತೆರೆಯೇ ಇಲ್ಲದ ಯಂತ್ರವೊಂದು ‘ಮಾನಿಟರಿನಲ್ಲಿ ಕನಿಷ್ಠ 256 ಬಣ್ಣ ಕಾಣಬೇಕು, ಕಾಣುತ್ತಿಲ್ಲ, ಫೇಲ್’ ಎಂದು ದೂರಿದರೆ ಬುದ್ಧಿ ಇದ್ದವರು ಏನು ಮಾಡುತ್ತಾರೋ. ನಾನು ಮನೆಯ ಮಾನಿಟರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ವೇಳಚೇರಿಯಿಂದ ಅಂಬತ್ತೂರಿಗೆ ಆಟೋ ಹತ್ತಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಪೈಕಿ ನಾನು.

“ರೀ, ಅದನ್ನೆಲ್ಲಿಗೆ ಹೊತ್ಕೊಂಡು ಹೊರಟ್ರಿ?” ಎಂದಳು ಹೆಂಡತಿ.

“ಸರ್ವರಿಗೆ ಬೇಕಂತೆ.”

“ಸರ್ವರಿಗೂ ಬೇಕಾದ್ರೆ ನಮ್ಮನೇದೇ ಯಾಕೆ?”

ಇಷ್ಟು ಕೇಳಿ ಯಾರೂ ನನ್ನನ್ನು ಕಂಪ್ಯೂಟರ್ ಅರಿಯದವನು ಅಂದುಕೊಳ್ಳಬಾರದು. ತರಮಣಿಯ ನಮ್ಮ ಆಫೀಸಿನಲ್ಲಿ ಎದೆಯ ಮೇಲೆ ಲಿನಕ್ಸಿನ ಪೆಂಗ್ವಿನ್ ಇರುವ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತಿದ್ದವನು ನಾನೊಬ್ಬನೇ. ಹೊಸದಾಗಿ ಸೇರಿದ ಹುಡುಗರಿಗೆ ‘ಮೌಸ್ ಮುಟ್ಟುವುದು ಬೆರಳು ಓಡದವರ ಕೆಲಸ’ ಎಂದು ಉಪದೇಶ ಮಾಡುತ್ತಿದ್ದೆ. ‘ಬಾಸ್’ ಎಂಬ ಭಾರತದ್ದೇ ಆದ ಲಿನಕ್ಸನ್ನು ಚೆನ್ನೈನ ಸಿ-ಡ್ಯಾಕ್ 2007ರಲ್ಲಿ ಹೊರತಂದದ್ದನ್ನು ಹೇಳುವಾಗ, ಅದರಲ್ಲಿ ಒಂದೆರಡು ಸಾಲು ನನ್ನದೂ ಇದೆಯೇನೋ ಎಂಬಂತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಆಫೀಸು ಕೊಟ್ಟ ಲ್ಯಾಪ್‌ಟಾಪಿನಲ್ಲಿದ್ದದ್ದು ವಿಂಡೋಸ್. ಈ ವಿಷಯವನ್ನು ಪೆಂಗ್ವಿನ್ನಿಗೆ ತಿಳಿಸಿರಲಿಲ್ಲ.

ಅಂಬತ್ತೂರಿನ ಡೇಟಾ ಸೆಂಟರಿನಲ್ಲಿ ಹೊಸ ಸರ್ವರ್ ಕೂರಿಸುವಾಗ ‘ಗ್ರಾಫಿಕ್ಸ್ ಗೀಫಿಕ್ಸ್ ಏನೂ ಬೇಡ, ಅಕ್ಷರ ಬಂದರೆ ಸಾಕು’ ಎಂದು ಬರೆದುಕೊಟ್ಟವನೂ ನಾನೇ. ಅದೇನೂ ತಪ್ಪಲ್ಲ. ಬೀಗ ಹಾಕಿದ ತಣ್ಣನೆಯ ಕೋಣೆಯಲ್ಲಿ ರ‍್ಯಾಕ್ ಏರಿ ಕೂತ ಯಂತ್ರ ಯಾರಿಗೆ ಚಿತ್ರ ತೋರಿಸಬೇಕು? ಅದರ ಜೊತೆ ನಮ್ಮ ಮಾತುಕತೆಯೆಲ್ಲ ಎಸ್‌ಎಸ್‌ಎಚ್ ಮೂಲಕ, ಕಪ್ಪು ಕಿಟಕಿಯಲ್ಲಿ ಬಿಳಿ ಅಕ್ಷರ ಕುಟ್ಟಿಕೊಂಡು. ಆದರೆ ಅದರ ಮೇಲೆ ಹಾಕಬೇಕಿದ್ದ ಡೇಟಾಬೇಸಿನ ಇನ್‌ಸ್ಟಾಲರಿಗೆ ಈ ವೈರಾಗ್ಯ ಒಗ್ಗಲಿಲ್ಲ. ಅದು ಜಾವಾದ ಕೂಸು. ಕಿಟಕಿ ತೆರೆಯಬೇಕು, ಬಣ್ಣ ಇರಬೇಕು, ಬಲಗಡೆ ಕೆಳಗೆ ‘ನೆಕ್ಸ್ಟ್’ ಅನ್ನುವ ಗುಂಡಿ ಇರಬೇಕು.

ಕತ್ತಿಪಾರ ದಾಟಿ, ಕೋಯಂಬೇಡು ದಾಟಿ, ಪಾಡಿ ಬರುವ ಹೊತ್ತಿಗೆ ಆಟೋದವರಿಗೆ ತಡೆಯಲಾಗಲಿಲ್ಲ. “ರಿಪೇರಿಯಾ ಸಾರ್?” ಎಂದರು. ಇಲ್ಲ, ಚೆನ್ನಾಗೇ ಇದೆ ಎಂದೆ. “ಅಪ್ಪುರಂ ಎದುಕ್ಕು ಸಾರ್?” ಮತ್ತೇಕೆ ಎಂಬ ಆ ಮರುಪ್ರಶ್ನೆಗೆ ನನ್ನ ತಮಿಳಿನಲ್ಲೂ ಉತ್ತರವಿರಲಿಲ್ಲ, ಕನ್ನಡದಲ್ಲೂ ಇರಲಿಲ್ಲ.

ಗೇಟಿನಲ್ಲಿ ಸೆಕ್ಯುರಿಟಿಯವರು ದೊಡ್ಡ ರಿಜಿಸ್ಟರ್ ಬಿಚ್ಚಿದರು. ಮಾಡೆಲ್ ಯಾವುದು, ವಾಪಸ್ ಒಯ್ಯುವ ಸಾಮಾನೋ ಬಿಟ್ಟುಹೋಗುವ ಸಾಮಾನೋ, ಸೀರಿಯಲ್ ನಂಬರ್ ಎಷ್ಟು. ಸೀರಿಯಲ್ ನಂಬರ್ ಬೆನ್ನಿನ ಮೇಲಿದ್ದದ್ದರಿಂದ ಬೆಡ್‌ಶೀಟನ್ನು ಪೂರ್ತಿ ಬಿಚ್ಚಬೇಕಾಯಿತು. ನಮ್ಮ ಮನೆಯಲ್ಲಿ ಹಾಸಿಗೆಯ ಮೇಲೆ ಕೂತು ಸಾಂಬಾರು ತಿನ್ನುತ್ತಾರೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಸಹಿಗಳೆಲ್ಲ ಮುಗಿದ ಮೇಲೆ ಅವರು ಪೆನ್ನಿನ ಕ್ಯಾಪ್ ಹಾಕುತ್ತಾ, “ಉಳ್ಳೆ ಟ್ರಾಲಿಲೆ ಮಾನಿಟರ್ ಇರುಕ್ಕೇ ಸಾರ್” ಎಂದರು. ಇಂಥ ಆಪತ್ತಿಗೆಂದೇ ಒಳಗೆ ಚಕ್ರದ ಗಾಡಿಯ ಮೇಲೆ ಕೀಬೋರ್ಡ್ ಸಮೇತ ಒಂದು ಮಾನಿಟರ್ ಇಟ್ಟಿರುತ್ತಾರೆ.

ಇಷ್ಟು ದೂರ ಹೊತ್ತು ತಂದು ಬಿಡುವುದುಂಟೇ? ಹಠ ಹಿಡಿದು ನಮ್ಮದನ್ನೇ ಸಿಕ್ಕಿಸಿದೆ. ಕಪ್ಪು ತೆರೆಯ ಮೂಲೆಯಲ್ಲಿ ‘ಲಾಗಿನ್’ ಎಂದು ಬಿಳಿ ಅಕ್ಷರ ಬಂತು. ಎರಡು ಬಣ್ಣ. ಬೇಕಾದ್ದಕ್ಕೆ 254 ಕಡಿಮೆ. ಚಿತ್ರ ಬಿಡಿಸುವ ಸಾಫ್ಟ್‌ವೇರನ್ನೇ ಹಾಕಿಸದೆ ಮಾನಿಟರ್ ಸಿಕ್ಕಿಸಿದರೆ ಬಣ್ಣ ಎಲ್ಲಿಂದ ಬಂದೀತು? ವಾಪಸ್ ಒಯ್ಯುವ ಚೀಟಿಗೆ ಸಹಿ ಹಾಕಬೇಕಾದವರು ಅಂದು ರಜೆಯಲ್ಲಿದ್ದರು. ಬೆಡ್‌ಶೀಟ್ ಮಾತ್ರ ಮನೆಗೆ ಬಂತು.

ಮರುದಿನ ರಾಯರಿಗೆ ಶರಣಾದೆ. ರಾಯರು ನಮ್ಮ ಹಿರಿಯ ಅಡ್ಮಿನ್. ತಿರುವಲ್ಲಿಕ್ಕೇಣಿಯಲ್ಲಿ ತಲೆಮಾರುಗಳಿಂದ ನೆಲೆ ನಿಂತ ಕನ್ನಡದ ಮನೆಯವರು. ಅವರ ಮಾತಿನಲ್ಲಿ ಅರ್ಧ ತಮಿಳು, ಉಳಿದರ್ಧದಲ್ಲಿ ಕನ್ನಡಕ್ಕೂ ಯುನಿಕ್ಸಿಗೂ ಸಮಪಾಲು. ಐಐಟಿ ಮದ್ರಾಸಿಗೆ 1973ರಲ್ಲಿ ಬಂದಿದ್ದ ಐಬಿಎಂ 370ಕ್ಕೆ ತೂತು ಕೊರೆದ ಕಾರ್ಡುಗಳ ಕಟ್ಟು ಒಪ್ಪಿಸಿ, ಉತ್ತರ ಕಾಗದದ ಮೇಲೆ ಅಚ್ಚಾಗಿ ಬರುವ ತನಕ ಕಾದವರು. ತೆರೆ ಎಂಬುದೇ ಅವರ ಪಾಲಿಗೆ ಶೋಕಿ.

“ಮಾನಿಟರು ತೊಗೊಂಡ್ಹೋದ್ಯಾ? ಆಟೋಲಾ?” ಎಂದು ಕನ್ನಡಕ ತೆಗೆದು ಒರೆಸತೊಡಗಿದರು. ನಗು ತಡೆಯುವಾಗ ಅವರು ಮಾಡುವುದು ಅದನ್ನೇ. “ತಂಬೀ, ಅದು ಕೇಳ್ತಿರೋದು ಅಲ್ಲಿಯ ಮಾನಿಟರನ್ನಲ್ಲಪ್ಪಾ. ನಿನ್ನ ಮುಂದೆ ಇರೋದನ್ನ.”

ಎಕ್ಸ್ ವಿಂಡೋ ಎಂಬ ಏರ್ಪಾಡು 1984ರಲ್ಲಿ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಗೆಳೆಯರ ಕೈಯಲ್ಲಿ ಹುಟ್ಟಿದ್ದೇ ಇದಕ್ಕಂತೆ. ಪ್ರೋಗ್ರಾಂ ಯಾವ ಯಂತ್ರದಲ್ಲಾದರೂ ಓಡಲಿ, ಅದರ ಕಿಟಕಿ ಜಾಲದ ಮೇಲೆ ಬಂದು ನಿಮ್ಮ ಮುಂದೆ ತೆರೆಯಲಿ. 1987ರ ಹನ್ನೊಂದನೇ ಆವೃತ್ತಿ ಇಂದಿಗೂ ಚಾಲ್ತಿಯಲ್ಲಿದೆ. ಅದರ ಲೆಕ್ಕದಲ್ಲಿ ಚಿತ್ರ ಬಿಡಿಸಿಕೊಡುವ ನನ್ನ ಲ್ಯಾಪ್‌ಟಾಪೇ ಸರ್ವರ್. ‘ಸ್ವಾಮೀ, ಇಲ್ಲೊಂದು ಗುಂಡಿ ಬಿಡಿಸಿ’ ಎಂದು ಬೇಡುವ ಅಂಬತ್ತೂರಿನ ಆ ದೈತ್ಯ ಬರೀ ಗಿರಾಕಿ.

“ಅಂದ್ರೆ ಸಾರ್, ಸರ್ವರ್ ನಾನೇ?”

“ನಿನ್ನ ಲ್ಯಾಪ್‌ಟಾಪು. ನೀನಲ್ಲ.”

ಈ ಕಿಟಕಿಯನ್ನು ಕಳ್ಳರ ಕಣ್ಣಿಗೆ ಬೀಳದಂತೆ ಎಸ್‌ಎಸ್‌ಎಚ್ ಒಳಗೇ ಸಾಗಿಸಬಹುದು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಾಸ್‌ವರ್ಡ್ ಕಳವಾದ ಮೇಲೆ ಟಾಟು ಯ್ಲೋನೆನ್ ಎಂಬವರು 1995ರಲ್ಲಿ ಎಸ್‌ಎಸ್‌ಎಚ್ ಬರೆದರು ಎಂದು ರಾಯರು ಹೇಳುತ್ತಿದ್ದಾಗ ನಾನು ಅಡ್ಡದಾರಿ ಹುಡುಕುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಹಾಕಿದ್ದ ಎಕ್ಸ್ ಸರ್ವರಿನಲ್ಲಿ ‘ಯಾರನ್ನೂ ತಡೆಯಬೇಡ’ ಎನ್ನುವ ಅರ್ಥದ ಒಂದು ಚೌಕವಿತ್ತು. ಟಿಕ್ ಹಾಕಿದೆ. ಎಸ್‌ಎಸ್‌ಎಚ್ಚಿನ ರಗಳೆಯೇ ಇಲ್ಲ, ಯಾವ ಯಂತ್ರ ಬೇಕಾದರೂ ನನ್ನ ತೆರೆಯ ಮೇಲೆ ಚಿತ್ರ ಬಿಡಿಸಬಹುದು! ಬಿಡಿಸಿದರು. ಸ್ವಲ್ಪ ಹೊತ್ತಿಗೆ ತೆರೆಯ ಮೂಲೆಯಲ್ಲಿ ಎರಡು ದೊಡ್ಡ ಕಣ್ಣು ಮೂಡಿ, ಮೌಸ್ ಹೋದ ಕಡೆಗೆಲ್ಲ ಪಿಳಿಪಿಳಿ ಹೊರಳತೊಡಗಿದವು. ನನ್ನ ಉಪದೇಶ ಕೇಳಿ ಬೇಸತ್ತಿದ್ದ ಹುಡುಗರಲ್ಲಿ ಯಾರೋ ಪಕ್ಕದ ಸಾಲಿನಿಂದ ‘ಎಕ್ಸ್‌ಐಸ್’ ಬಿಟ್ಟಿದ್ದರು. ಕಣ್ಣು ಬಿಡಬಲ್ಲವರು ನಾನು ಕುಟ್ಟುವ ಪಾಸ್‌ವರ್ಡನ್ನೂ ಓದಬಲ್ಲರು ಎಂದು ರಾಯರು ಹೇಳಿದ ಮೇಲೆ ಟಿಕ್ ತೆಗೆದೆ.

ಸರಿದಾರಿಯಲ್ಲೂ ಕಲ್ಲುಮುಳ್ಳು. ಕಿಟಕಿ ತೆರೆಯಲು ‘ಮ್ಯಾಜಿಕ್ ಕುಕ್ಕಿ’ ಎಂಬ 128 ಬಿಟ್ಟಿನ ಗುಟ್ಟು ಬೇಕು. ಅದು ನನ್ನ ಹೆಸರಿನಲ್ಲಿರುತ್ತದೆ. ಇನ್‌ಸ್ಟಾಲರ್ ಓಡುವುದು ಇನ್ನೊಂದು ಹೆಸರಿನಲ್ಲಿ. ಇಲ್ಲಿಂದ ಎತ್ತಿ ಅಲ್ಲಿಗೆ ಅಂಟಿಸಿದರೆ ಮುಗಿಯಿತು. ನಾನು ಆ 32 ಅಂಕಿ-ಅಕ್ಷರಗಳನ್ನು ಕ್ಯಾಲೆಂಡರಿನ ಹಿಂಬದಿಗೆ ಜೋಪಾನವಾಗಿ ಬರೆದುಕೊಂಡು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಲಾಗಿನ್ ಕಡಿದುಹೋಗಿತ್ತು. ಪ್ರತಿ ಲಾಗಿನ್ನಿಗೂ ಹೊಸ ಕುಕ್ಕಿಯಂತೆ.

ಕಿಟಕಿ ಬರುತ್ತದೋ ಇಲ್ಲವೋ ನೋಡಲು ಈ ಕಸುಬಿನವರು ಮೊದಲು ಓಡಿಸುವುದು ‘ಎಕ್ಸ್‌ಕ್ಲಾಕ್’ ಎಂಬ ಗಡಿಯಾರವನ್ನು. ದುಂಡು ಮುಖ, ಎರಡು ಮುಳ್ಳು, ಬೇರೆ ಕೆಲಸವಿಲ್ಲ. ಒಂದು ಸಂಜೆ ಅದು ನನ್ನ ತೆರೆಯ ಮೇಲೆ ಮೂಡಿದಾಗ ನಾನು ಹಾಕಿದ ಕೂಗಿಗೆ ಇಡೀ ಸಾಲು ಎದ್ದು ಬಂತು. ಅಂಬತ್ತೂರಿನಿಂದ ಬಂದ ಗಡಿಯಾರ! ಟೀ ತಂದಿದ್ದ ಅಣ್ಣ ಒಮ್ಮೆ ನನ್ನ ತೆರೆಯನ್ನೂ ಒಮ್ಮೆ ನನ್ನ ತಲೆಯ ಮೇಲೇ ಇದ್ದ ಗೋಡೆ ಗಡಿಯಾರವನ್ನೂ ನೋಡಿ, “ಟೈಮ್ ತಪ್ಪಾ ಇರುಕ್ಕು ಸಾರ್” ಎಂದರು. ಗೋಡೆಯಲ್ಲಿ ಐದೂವರೆ, ತೆರೆಯಲ್ಲಿ ಹನ್ನೆರಡು. ಎಕ್ಸ್‌ಕ್ಲಾಕ್ ತಾನು ಓಡುವ ಯಂತ್ರದ ವೇಳೆ ತೋರಿಸುತ್ತದೆ, ಆ ಯಂತ್ರವಿದ್ದದ್ದು ಗ್ರೀನಿಚ್ ವೇಳೆಯಲ್ಲಿ. ಸರ್ವರುಗಳನ್ನು ಹಾಗಿಡುವುದೇ ಶಿಸ್ತು ಎಂದು ಬರೆದುಕೊಟ್ಟವನೂ ನಾನೇ.

1906ರ ಜನವರಿ 1ರಂದು ಭಾರತೀಯ ಕಾಲಮಾನ ಬರುವ ಮುಂಚೆ ದೇಶದ ರೈಲುಗಳು ಓಡುತ್ತಿದ್ದದ್ದು ಮದ್ರಾಸಿನ ವೇಳೆ ಹಿಡಿದು. ನುಂಗಂಬಾಕ್ಕಂನ ವೀಕ್ಷಣಾಲಯ ಹೇಳಿದ್ದೇ ಗಂಟೆ, ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ. ಇಡೀ ದೇಶದ ರೈಲಿಗೆ ಗಂಟೆ ಹೇಳಿದ ಊರಿನಲ್ಲಿ ಕೂತು ನಾನು ಲಂಡನ್ನಿನ ಗಂಟೆಯನ್ನು ಅಂಬತ್ತೂರಿನ ಮೇಲೆ ತರಿಸಿಕೊಂಡಿದ್ದೆ.

ಕೆಲಸಕ್ಕೆ ಅನುಮತಿ ಸಿಕ್ಕಿದ್ದು ಶನಿವಾರ ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗೆ. ಮನೆಯಿಂದ ಲಾಗಿನ್ ಆದೆ. ಇನ್‌ಸ್ಟಾಲರಿನ ಕಿಟಕಿ ಬಂತು, ಬಣ್ಣವೂ ಬಂತು, ಅಕ್ಷರಗಳ ಜಾಗದಲ್ಲಿ ಮಾತ್ರ ಖಾಲಿ ಚೌಕಗಳು. ಸರ್ವರಿನಲ್ಲಿ ಫಾಂಟೇ ಇರಲಿಲ್ಲ. ಲೈಸೆನ್ಸಿನ ಷರತ್ತುಗಳು ಪುಟಗಟ್ಟಲೆ ಚೌಕ. ಅಕ್ಷರವಿದ್ದಾಗಲೂ ಓದಿದವನಲ್ಲವಾದ್ದರಿಂದ ವ್ಯತ್ಯಾಸವೇನೂ ತಿಳಿಯಲಿಲ್ಲ, ಒಪ್ಪಿಕೊಂಡೆ. ನೆಕ್ಸ್ಟ್ ಎಲ್ಲಿರುತ್ತದೆ ಎಂಬುದು ಬೆರಳಿಗೇ ಗೊತ್ತಿತ್ತು.

ಎಕ್ಸ್ ಬಲು ವಾಚಾಳಿ. ಒಂದು ಗುಂಡಿ ಬಿಡಿಸಲು ಎರಡು ಕಡೆಯವರ ನಡುವೆ ಹೋಗಿ ಬರುವ ಮಾತಿಗೆ ಲೆಕ್ಕವಿಲ್ಲ. ಒಂದೇ ಕ್ಯಾಂಪಸ್ಸಿನ ಜಾಲದಲ್ಲಿ ಅದು ನಡೆದೀತು. ವೇಳಚೇರಿಯ ಬ್ರಾಡ್‌ಬ್ಯಾಂಡು, ಅದರ ಮೇಲೆ ಆಫೀಸಿನ ವಿಪಿಎನ್ ಸೇರಿದರೆ ಮೊದಲು ಬೂದು ಬಣ್ಣ, ಆಮೇಲೆ ಅಂಚು, ಆಮೇಲೆ ಅರ್ಧ ಗುಂಡಿ. ಹೆಂಡತಿ ಹಾಲಿಗೆ ಹೆಪ್ಪು ಹಾಕಿ ಬಂದು ನೋಡಿದಾಗಲೂ ಇನ್ನರ್ಧ ಬಂದಿರಲಿಲ್ಲ. “ಮೊಸರೇ ಮೊದಲು ಆಗತ್ತೇನೋ” ಎಂದು ಮಲಗಲು ಹೋದಳು. ನಾನು ರೇಗಿ ಒತ್ತಿದ ಜಾಗವನ್ನೇ ಮತ್ತೆ ಮತ್ತೆ ಒತ್ತಿದೆ. ಒಂದು ಕ್ಲಿಕ್ಕೂ ವ್ಯರ್ಥವಾಗಲಿಲ್ಲ, ಎಲ್ಲವೂ ಸರದಿಯಲ್ಲಿ ನಿಂತಿದ್ದವು. ದಾರಿ ತೆರವಾದದ್ದೇ ತಡ, ಪುಟಗಳು ನೆಕ್ಸ್ಟ್ ನೆಕ್ಸ್ಟ್ ಎಂದು ಕಣ್ಣೆದುರೇ ಹಾರಿಹೋದವು. ಅವುಗಳಲ್ಲೊಂದು ‘ಎಲ್ಲಿ ಹಾಕಲಿ?’ ಎಂದು ಕೇಳುವ ಪುಟ. ಸಿಸ್ಟಂ ಇರುವ ಚಿಕ್ಕ ಡಿಸ್ಕಿನಲ್ಲೇ ಹಾಕು ಎಂದು ನನ್ನ ಕ್ಲಿಕ್ಕು ಉತ್ತರ ಕೊಟ್ಟಿತ್ತು. ಹಸಿರು ಪಟ್ಟಿ ಓಡತೊಡಗಿತು, ಡಿಸ್ಕು ಕಂಠಮಟ್ಟ ತುಂಬತೊಡಗಿತು.

ಅಷ್ಟರಲ್ಲಿ ಹಿಂಗಾರು ಮಳೆ. ಪಳ್ಳಿಕ್ಕರಣೆಯ ಜೌಗಿನ ಪಕ್ಕದ ವೇಳಚೇರಿಯವರಿಗೆ ಮಳೆ ಅಂದರೆ ಮೊದಲು ಬೈಕನ್ನು ಎತ್ತರದಲ್ಲಿ ನಿಲ್ಲಿಸಿ ಬರುವ ಕೆಲಸ. ನಿಲ್ಲಿಸಿ ಬರುವಷ್ಟರಲ್ಲಿ ಕರೆಂಟ್ ಹೋಗಿತ್ತು. ಇನ್ವರ್ಟರ್ ದಯೆಯಿಂದ ಫ್ಯಾನ್ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು. ರೌಟರಿನ ಪ್ಲಗ್ಗಿಗೆ ಮಾತ್ರ ಇನ್ವರ್ಟರಿನ ತಂತಿ ಎಳೆಸಿರಲಿಲ್ಲ. ಪರವಾಗಿಲ್ಲ, ಲೈನು ಕಡಿದರೂ ಓಡುವ ಪ್ರೋಗ್ರಾಮನ್ನು ಜೀವಂತ ಇಡುವ ‘ಸ್ಕ್ರೀನ್’ ಎಂಬ ಉಪಕರಣದೊಳಗೇ ಇನ್‌ಸ್ಟಾಲರ್ ಓಡಿಸಿದ್ದೆನಲ್ಲ! ಫೋನಿನ ಹಾಟ್‌ಸ್ಪಾಟಿನಿಂದ ಒಳಹೊಕ್ಕು ನೋಡಿದರೆ ಸ್ಕ್ರೀನ್ ಆರೋಗ್ಯವಾಗಿತ್ತು, ಇನ್‌ಸ್ಟಾಲರ್ ಸತ್ತಿತ್ತು. ಸ್ಕ್ರೀನ್ ಕಾಪಾಡುವುದು ಅಕ್ಷರದ ಪ್ರೋಗ್ರಾಮನ್ನು. ಕಿಟಕಿಯ ಇನ್ನೊಂದು ತುದಿ ನನ್ನ ಲ್ಯಾಪ್‌ಟಾಪಿನಲ್ಲಿತ್ತು, ಅದು ಕಡಿದ ಕೂಡಲೇ ಆ ಕಡೆ ಪ್ರಾಣ ಬಿಡುವುದು ಎಕ್ಸ್ ಧರ್ಮ. ಉಳಿದ ರಾತ್ರಿ ಅರೆಬರೆ ಫೈಲುಗಳನ್ನು ಅಳಿಸುವುದರಲ್ಲೇ ಕಳೆಯಿತು.

“ವಿಎನ್‌ಸಿ ಹಾಕಿದ್ರೆ ಸಾಯ್ತಿರಲಿಲ್ಲ” ಎಂದರು ರಾಯರು ಸೋಮವಾರ, ಡಬರದಿಂದ ಲೋಟಕ್ಕೆ ಕಾಫಿ ಎತ್ತಿ ಸುರಿಯುತ್ತಾ. ಅದರಲ್ಲಿ ತೆರೆ ಸರ್ವರಿನಲ್ಲೇ ಉಳಿಯುತ್ತದೆ, ನಾವು ದೂರದಿಂದ ಇಣುಕುತ್ತೇವೆ, ಅಷ್ಟೇ. ವಿಎನ್‌ಸಿ ರೂಪಿಸಿದವರಲ್ಲಿ ಕ್ವೆಂಟಿನ್ ಸ್ಟಾಫರ್ಡ್-ಫ್ರೇಜರ್ ಒಬ್ಬರು. 1991ರಲ್ಲಿ ಕೇಂಬ್ರಿಡ್ಜಿನಲ್ಲಿ, ಕೂತಲ್ಲಿಂದಲೇ ಕಾಫಿ ಪಾತ್ರೆ ತುಂಬಿದೆಯೋ ಖಾಲಿಯೋ ನೋಡಲೆಂದು ಅದರ ಎದುರು ಕ್ಯಾಮೆರಾ ಇಟ್ಟವರಲ್ಲೂ ಅವರೊಬ್ಬರು. “ಸೋಮಾರಿಗಳಿಂದಲೇ ಲೋಕ ನಡೀತದಪ್ಪಾ. ಆದ್ರೆ ಬುದ್ಧಿ ಇರೋ ಸೋಮಾರಿಗಳು” ಎಂದು ನನ್ನ ಕಡೆ ನೋಡದೆ ಹೇಳಿದರು.

ಅವರು ವಿಎನ್‌ಸಿಯನ್ನೂ ಹಾಕಲಿಲ್ಲ. ಇನ್‌ಸ್ಟಾಲರಿನ ಜೊತೆಗೇ ‘ರೆಸ್ಪಾನ್ಸ್’ ಎಂಬ ಫೋಲ್ಡರ್ ಬಂದಿತ್ತು. ನಾನು ದಿನಾ ಅದರ ಮೇಲೆ ಹಾದುಹೋಗುತ್ತಿದ್ದೆ. ಅದರೊಳಗಿನ ಫೈಲಿನಲ್ಲಿ ಎಲ್ಲ ಪ್ರಶ್ನೆಗೂ ಮೊದಲೇ ಉತ್ತರ ತುಂಬಿ, ‘ಸೈಲೆಂಟ್’ ಎಂಬ ಒಂದು ಪದ ಸೇರಿಸಿ ಒಂದೇ ಸಾಲಿನ ಆಜ್ಞೆ ಕೊಟ್ಟರು. ಕಿಟಕಿ ಇಲ್ಲ, ಕುಕ್ಕಿ ಇಲ್ಲ, ಬಣ್ಣದ ಮಾತೇ ಇಲ್ಲ. ಓಡಲು ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿ ಬಸ್ಸು ಹಿಡಿದರು. ಬೆಳಿಗ್ಗೆ ನೋಡಿದರೆ ಮುಗಿದಿತ್ತು.

ಮ್ಯಾನೇಜರಿಗೆ ಹೆಮ್ಮೆಯಿಂದ ಮೇಲ್ ಹಾಕಿದೆ. ಉತ್ತರ ಬಂತು: ಸಂತೋಷ, ಸ್ಟ್ಯಾಂಡ್‌ಬೈ ಸರ್ವರಿಗೂ ಹೀಗೇ ಮಾಡಿ, ಆಡಿಟ್ ಇರುವುದರಿಂದ ಪ್ರತಿ ಹಂತದ ಸ್ಕ್ರೀನ್‌ಶಾಟ್ ಲಗತ್ತಿಸಿ, ಸಮಯ ಕಾಣುವಂತಿರಲಿ. ಸದ್ದಿಲ್ಲದೆ ನಡೆಯುವ ಕೆಲಸಕ್ಕೆ ಎಲ್ಲಿಯ ಸ್ಕ್ರೀನ್‌ಶಾಟ್? ಮತ್ತೊಂದು ರಾತ್ರಿ ಕೂತೆ. ಈ ಸಲ ವಿಎನ್‌ಸಿ ಹಾಕಿ, ಫಾಂಟು ತುಂಬಿಸಿ, ರೌಟರನ್ನು ಇನ್ವರ್ಟರಿಗೆ ಸೇರಿಸಿ, ಒಂದು ನೆಕ್ಸ್ಟಿಗೆ ಒಂದೇ ಕ್ಲಿಕ್. ಸಮಯಕ್ಕೆ ಸಾಕ್ಷಿಯಾಗಿ ಪ್ರತಿ ಚಿತ್ರದ ಮೂಲೆಯಲ್ಲೂ ಎಕ್ಸ್‌ಕ್ಲಾಕ್ ಇಟ್ಟೆ.

ಆಡಿಟರ ಪತ್ರ ಬಂದಿದೆ. ಅನುಮತಿ ಇದ್ದದ್ದು ರಾತ್ರಿ 10ರಿಂದ 4ರವರೆಗೆ, ಮೊದಲ ಚಿತ್ರದಲ್ಲಿ ಗಡಿಯಾರ ಐದು ತೋರಿಸುತ್ತಿದೆ, ಬೆಳಗಿನ ಐದಾಗಲಿ ಸಂಜೆಯ ಐದಾಗಲಿ ಎರಡೂ ಅನುಮತಿಯ ಹೊರಗೆ, ವಿವರಣೆ ಕೊಡಿ. ರಾಯರು ಪತ್ರ ಓದಿ, ಕನ್ನಡಕ ತೆಗೆದು ಒರೆಸುತ್ತಾ, “ಮದ್ರಾಸ್ ಟೈಮು ಅಂತ ಬರ್ದುಬಿಡು ತಂಬೀ” ಎಂದರು. ವಿವರಣೆಯ ಜೊತೆ, ಸರ್ವರಿನ ಗಡಿಯಾರ ಸರಿಯಾಗಿದೆ ಎನ್ನುವುದಕ್ಕೆ ಒಂದು ಸ್ಕ್ರೀನ್‌ಶಾಟ್ ಕೂಡ ಲಗತ್ತಿಸಬೇಕಂತೆ.