ಇಳಿಜಾರಿನ ಕೊನೆಮನೆ

ಮಳೆ ಬಂದರೆ ಬೆಂಗಳೂರಿನ ತ್ಯಾಗರಾಜನಗರದಲ್ಲಿ ಜನ ಬಾಲ್ಕನಿಗೆ ಬಂದು ಬೋಂಡ ತಿನ್ನುತ್ತಾರೆ. ನಾನು ಬಚ್ಚಲಿಗೆ ಹೋಗಿ ಜಾಲರಿ ಕಾಯುತ್ತಿದ್ದೆ. ನಮ್ಮದು ಇಳಿಜಾರಿನ ಕೊನೆಮನೆ, ಅದರಲ್ಲೂ ನೆಲಮಹಡಿ. ಬೀದಿಯವರ ಸೋಪುನೀರೆಲ್ಲ ವರ್ಷವಿಡೀ ನಮ್ಮ ಗೇಟಿನ ಮುಂದೆ ನೆಲದಡಿಯಲ್ಲೇ ಮರ್ಯಾದೆಯಿಂದ ಹಾದುಹೋಗುತ್ತದೆ. ಜೋರು ಮಳೆಯ ದಿನ ಮಾತ್ರ ಒಳಗೆ ಬಂದು ಮಾತಾಡಿಸಿಕೊಂಡು ಹೋಗುತ್ತಿತ್ತು.

ಮೊದಲು ಜಾಲರಿ ಗುಳುಗುಳು ಎನ್ನುತ್ತಿತ್ತು. “ರೀ, ಬಂತು” ಎನ್ನುತ್ತಿದ್ದಳು ನನ್ನಾಕೆ. ಮಿಕ್ಸಿ ಬಂದ ಮೇಲೆ ನಿವೃತ್ತವಾಗಿದ್ದ ರುಬ್ಬುಗುಂಡನ್ನು ಅದರ ಮೇಲಿಟ್ಟು, ಅದೂ ಸಾಲದೆ ಮೇಲೊಂದು ಮಣೆ ಹಾಕಿಕೊಂಡು ನಾನೇ ಕೂರುತ್ತಿದ್ದೆ. ಈ ಮನೆಯಲ್ಲಿ ನನ್ನ ಮಾತಿಗಂತೂ ತೂಕ ಬರಲಿಲ್ಲ, ನನಗೆ ಬಂದ ತೂಕವಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಕಮೋಡು ಉಕ್ಕುತ್ತಿತ್ತು. ಎರಡರ ಮೇಲೂ ಒಟ್ಟಿಗೆ ಕೂರುವಷ್ಟು ನಾನಿನ್ನೂ ಬೆಳೆದಿಲ್ಲ.

ಚೇಂಬರಿನ ಮುಚ್ಚಳ ತೆಗೆದ ಪ್ಲಂಬರ್, “ಸಾರ್, ಇದು ನಿಮ್ಮನೆ ಬ್ಲಾಕೇಜ್ ಅಲ್ಲ, ಇಳಿಜಾರಿನ ಮೇಲಿನವರ ಟೆರೇಸು” ಎಂದ. ಬಚ್ಚಲು, ಕಕ್ಕಸಿನ ನೀರಿಗೆ ಸ್ಯಾನಿಟರಿ ಲೈನು. ಮಳೆನೀರಿಗೆ ರಸ್ತೆಬದಿಯ ಮೋರಿ, ಅಲ್ಲಿಂದ ರಾಜಕಾಲುವೆ. ಆದರೆ ಟೆರೇಸಿನ ಪೈಪನ್ನು ಹತ್ತಿರದ ಚೇಂಬರಿಗೇ ಇಳಿಸಿದರೆ ಎರಡು ಉದ್ದ ಪೈಪು ಉಳಿಯುತ್ತದೆ. ಸಾಲದ್ದಕ್ಕೆ ಹಳೆಯ ಸ್ಟೋನ್‌ವೇರ್ ಪೈಪುಗಳ ಸಂದಿಯಲ್ಲಿ ಬೇರು ನುಗ್ಗಿ, ನೆನೆದ ಮಣ್ಣಿನ ನೀರೂ ಒಳಗಿಳಿಯುತ್ತದೆ.

ಲೆಕ್ಕ ಹಾಕಿದ್ದು ನನ್ನಾಕೆ, ಕ್ಯಾಲೆಂಡರಿನ ಹಿಂಬದಿಯಲ್ಲಿ. (ನನಗೆ ಪೆನ್ನು ಹುಡುಕುವ ಕೆಲಸ.) ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್. 30-40 ಸೈಟಿನಷ್ಟಗಲದ ತಾರಸಿ ಸುಮಾರು 110 ಚದರ ಮೀಟರ್. 40 ಮಿಲಿಮೀಟರ್ ಸುರಿದರೆ 4,400 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕ ಹಿಡಿದರೆ, ನಾಲ್ವರ ಸಂಸಾರ ಎಂಟು ದಿನ ಬಳಸುವ ನೀರು ಒಂದೇ ತಾರಸಿಯಿಂದ, ಒಂದೇ ಸಂಜೆ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಹತ್ತಿಸಿ ತರುವ ಊರಿನಲ್ಲಿ, ತಾನಾಗಿ ತಲೆಮೇಲೆ ಬಿದ್ದದ್ದನ್ನು ಕಕ್ಕಸಿಗೆ ಸೇರಿಸುತ್ತೇವೆ!

ಕೊನೆಗೆ ನಮ್ಮ ಲೈನಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿದೆವು. ಹೊರಗಿನದು ಒಳಗೆ ಬರುವುದಿಲ್ಲ, ನಿಜ. ಆದರೆ ಅದು ಮುಚ್ಚಿರುವಷ್ಟು ಹೊತ್ತು ಒಳಗಿನದೂ ಹೊರಗೆ ಹೋಗುವುದಿಲ್ಲ. ಮಳೆ ನಿಲ್ಲುವವರೆಗೆ ನಮ್ಮನೆಯಲ್ಲಿ ಸ್ನಾನವಿಲ್ಲ, ಮಿಕ್ಕಿದ್ದಕ್ಕೆ ಸಂಯಮ. 2009ರ ಮಳೆನೀರು ಕೊಯ್ಲಿನ ಕಾನೂನು 2,400 ಚದರಡಿಗಿಂತ ಚಿಕ್ಕ ಸೈಟಿನ ಹಳೇ ಮನೆಗಳನ್ನು ಬಿಟ್ಟಿತ್ತು, ನನ್ನಾಕೆ ಬಿಡಲಿಲ್ಲ. ನಮ್ಮ ತಾರಸಿ ನೀರು ಈಗ ಸೋಸಿಕೊಂಡು ಸಂಪಿಗೆ ಬೀಳುತ್ತದೆ. ಸೋಸುವ ಜಲ್ಲಿ ತೊಳೆಯುವ ಹುದ್ದೆ ನನಗೆ ಸಿಕ್ಕಿದೆ, ಖಾಯಂ.

ಮೇಲಿನ ಮನೆಯವರೇ, ನಿಮ್ಮ ಟೆರೇಸಿನ ಪೈಪು ಎಲ್ಲಿಗೆ ಇಳಿಯುತ್ತದೆ, ಒಮ್ಮೆ ಬಗ್ಗಿ ನೋಡಿ. ಚೇಂಬರಿಗಾದರೆ ತೆಗೆಸಿ ಸಂಪಿಗೋ ಇಂಗುಗುಂಡಿಗೋ ಬಿಡಿ, ಕೊನೆಗೆ ಮೋರಿಗಾದರೂ. ದಾರಿ ತಿಳಿಯದಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಪಾರ್ಕನ್ನು ಜಲಮಂಡಳಿ ಇದಕ್ಕೆಂದೇ ಮಾಡಿಟ್ಟಿದೆ. ದಯವಿಟ್ಟು ಮುಂಗಾರಿಗೆ ಮುಂಚೆ ಹೋಗಿ.