ಗಾಳಿ ಸೋಕಿದ ಲ್ಯಾಪ್‌ಟಾಪು

ಅಮಾವಾಸ್ಯೆ ಬಂತೆಂದರೆ ಹರಿಹರದಿಂದ ಉಕ್ಕಡಗಾತ್ರಿಗೆ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತುಂಗಭದ್ರೆಯಲ್ಲಿ ಮುಳುಗೆದ್ದು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಮುಂದೆ ನಿಂತರೆ ಎಂಥ ಗಾಳಿ, ಎಂಥ ದೆವ್ವವೂ ಬಿಟ್ಟು ಹೋಗುತ್ತದೆಂದು ನಂಬಿ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಂಥ ದಿನ ದಾವಣಗೆರೆ ಕಡೆ ಹೊರಟ ಖಾಲಿ ಬಸ್ಸಿನಲ್ಲಿ, ತೊಡೆಯ ಮೇಲೆ ಹೊಸ ಲ್ಯಾಪ್‌ಟಾಪ್ ಕೂರಿಸಿಕೊಂಡು, ದೆವ್ವ ಬಿಡಿಸಲೆಂದು ಊರು ಬಿಟ್ಟು ಹೋದ ಮೊದಲ ಉಕ್ಕಡಗಾತ್ರಿಯವನು ಬಹುಶಃ ನಾನೇ.

ಮಗಳ ಓದಿಗೆಂದು ದಾವಣಗೆರೆಯ ಅಂಗಡಿಯಿಂದ ತಂದದ್ದು. ಚಾರ್ಜಿಗೆ ಹಾಕಿದರೆ ಸಾಕು, ಪರದೆ ಮೇಲಿನ ಬಾಣ ಮೈದುಂಬಿ ಕುಣಿಯುತ್ತಿತ್ತು. ಇತ್ತ ಬೆರಳಿಟ್ಟರೆ ಅತ್ತ ಜಿಗಿಯಿತು. ಮುಚ್ಚು ಎಂದದ್ದನ್ನು ತೆರೆಯಿತು. ಅವ್ವ ಪ್ರೀತಿಯಿಂದ ಅದರ ಬೆನ್ನು ಸವರಿದಳು. ಕೈ ಜುಮ್ಮೆಂದಿತು.

“ಗಾಳಿ ಸೋಕೈತಪ್ಪ ಇದಕ್ಕೆ. ಗದ್ದುಗೆ ಇಲ್ಲೇ ಐತಿ, ಸುಮ್ನೆ ಕರ್ಕೊಂಡು ಹೋಗಿ ಬಾ.”

ಹೆಂಡತಿಯ ತಕರಾರು ಬೇರೆ. ಡಬ್ಬಿ ಮೇಲೆ 512 ಜಿಬಿ, ಒಳಗೆ ನೋಡಿದರೆ 476. “ರೀ, ಮೂವತ್ತಾರು ಎಲ್ಲಿ ಹೋತು?” ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಯಂತ್ರ 1024ರ ಲೆಕ್ಕ ಹಿಡಿಯುತ್ತದೆ ಎಂದು ಮಗಳು ಬಿಡಿಸಿ ಹೇಳಿದಳು. “ಎರಡರಾಗೂ ನಮಗೇ ಯಾಕೆ ಕಮ್ಮಿ ಬರ್ತೈತಿ?” ಎಂಬ ಪ್ರಶ್ನೆಗೆ ಮಗಳ ಸಿಲೆಬಸ್ಸಿನಲ್ಲಿ ಉತ್ತರವಿರಲಿಲ್ಲ. “ಹೆಂಗೂ ಹೋಗ್ತೀರಲ್ಲ, ಎಂಟು ಜಿಬಿ ರ‍್ಯಾಮ್ ಇರೋದನ್ನ ಕೊಟ್ಟು ಹದಿನಾರು ಇರೋದನ್ನ ತಗೊಂಬರ್ರಿ” ಎಂಬ ಅಪ್ಪಣೆಯೂ ಆಯಿತು.

ಬಿಲ್ಲಿನ ಕೆಳಗೆ ‘ಮಾರಿದ ಮಾಲು ವಾಪಸ್ ಇಲ್ಲ’ ಎಂದಿತ್ತು. ನಾನೇನು ಕಡಿಮೆಯೇ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿಕೊಂಡಿದ್ದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಲ್ಲೆ ಎಂದರೆ ಅದು ಅನುಚಿತ ವ್ಯಾಪಾರ. ಸಹಾಯವಾಣಿ 1915. ಹರಿಹರ ದಾಟುವಷ್ಟರಲ್ಲಿ ನನ್ನ ವಾದ ಎಷ್ಟು ಪಕ್ಕಾ ಆಗಿತ್ತೆಂದರೆ, ಕಂಡಕ್ಟರ್ ಚಿಲ್ಲರೆ ಬಾಕಿ ಉಳಿಸಿಕೊಂಡಾಗ ಅವರ ಮೇಲೇ ಪ್ರಯೋಗಿಸುವ ಮನಸ್ಸಾಗಿತ್ತು. ಪ್ರಯೋಗಿಸದಿದ್ದದ್ದು ಒಳ್ಳೆಯದೇ ಆಯಿತು.

ಅಂಗಡಿ ಹುಡುಗ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದ. ಬಾಣ ತೆಪ್ಪಗೆ ನಿಂತಿತು. ಹೇಳಿದಲ್ಲಿಗೆ ಹೋಯಿತು, ಹೇಳಿದ್ದನ್ನು ಮುಚ್ಚಿತು. ನಾನು ಬೆನ್ನು ಸವರಿದೆ. ಜುಮ್ಮೂ ಇಲ್ಲ, ಗಿಮ್ಮೂ ಇಲ್ಲ. ದೋಷ ತೋರಿಸದ ಹೊರತು ನನ್ನ ಕಾಯ್ದೆಗೆ ಬಾಯೇ ಇಲ್ಲ. ಹದಿನಾರರ ಮಾತೆತ್ತಿದೆ. “ಇದರಾಗೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕ್ಯಾರೆ ಸರ್. ಹೆಚ್ಚು ಬೇಕಂದ್ರೆ ಬ್ಯಾರೇದೇ ತಗಬೇಕು” ಎಂದು ಬೇರೆಯದರ ಬೆಲೆಯನ್ನೂ ಹೇಳಿದ. ಈಗ ಜುಮ್ಮೆಂದದ್ದು ನನಗೆ.

ಆಮೇಲೆ ಅವನೇ ಕೇಳಿದ: “ಮನ್ಯಾಗೆ ಯಾವ ಪ್ಲಗ್ಗಿಗೆ ಹಾಕ್ತೀರಿ?”

ನಮ್ಮದು ತಾತನ ಕಾಲದ ವೈರಿಂಗು, ಗೋಡೆಯಲ್ಲಿರುವುದು ಎರಡೇ ತೂತು. ಚಾರ್ಜರಿನ ಮೂರನೇ ಪಿನ್ನು ಅರ್ಥಿಂಗಿನದು. ಚಾರ್ಜರಿನೊಳಗಿನ ಫಿಲ್ಟರಿನಿಂದ ಅಷ್ಟಿಷ್ಟು ಕರೆಂಟು ಸದಾ ಸೋರುತ್ತದೆ. ನೆಲಕ್ಕಿಳಿಯಲು ದಾರಿ ಸಿಗದಿದ್ದರೆ ಲೋಹದ ಮೈಗೆ ಬರುತ್ತದೆ. ಮುಟ್ಟಿದವರಿಗೆ ಜುಮ್ಮು, ಬೆರಳು ಯಾವುದು, ಕರೆಂಟು ಯಾವುದು ತಿಳಿಯದೆ ಟಚ್‌ಪ್ಯಾಡಿಗೆ ಗಲಿಬಿಲಿ. ಅವ್ವ ಹೇಳಿದ್ದರಲ್ಲಿ ಅರ್ಧ ನಿಜ: ಒಳಗೆ ಯಾರೋ ಇದ್ದದ್ದು ಹೌದು, ಗಾಳಿಯಲ್ಲ ಅಷ್ಟೆ.

ಮರುದಿನ ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಆಳದ ಗುಂಡಿ ತೋಡಿ, ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಸುರಿದು ನೀರು ಹೊಯ್ದ. ಅಮಾವಾಸ್ಯೆಯ ಮಾರನೇ ದಿನ, ಉಕ್ಕಡಗಾತ್ರಿಯಂಥ ಊರಲ್ಲಿ, ಉಪ್ಪು, ಇದ್ದಿಲು ಮತ್ತು ಗುಂಡಿ! ಬೇಲಿಯಾಚೆ ಆರೇಳು ತಲೆ ಸೇರಿದವು. “ಯಾರಿಗಮ್ಮಾ ಆಗಿದ್ದು?” ಎಂದು ಪಕ್ಕದ ಮನೆಯಾಕೆ ಮೆಲ್ಲಗೆ ಕೇಳಿದರೆ, ನನ್ನ ಹೆಂಡತಿ ನನ್ನ ಕಡೆ ನೋಡಿ ಸುಮ್ಮನಾದಳು.

“ನಾ ಮೊದ್ಲೇ ಹೇಳ್ಲಿಲ್ಲಾ? ಭೂಮಿಗೆ ಇಳಿಸಿದ ಮ್ಯಾಲೇ ಬಿಡೋದು ಅದು” ಎಂದಳು ಅವ್ವ. ವಿಜ್ಞಾನದ ಪ್ರಕಾರವೂ ಅದರಲ್ಲಿ ತಪ್ಪು ಹುಡುಕಲು ನನ್ನಿಂದಾಗಿಲ್ಲ.

ಲ್ಯಾಪ್‌ಟಾಪ್ ಈಗ ಸರಿಯಿದೆ, 476 ಹಾಗೇ ಇದೆ. ನಿಮ್ಮ ಮನೆಯಲ್ಲಿ ಅರ್ಥಿಂಗ್ ಗುಂಡಿಯಿದ್ದರೆ ಬೇಸಿಗೆಯಲ್ಲಿ ಆಗಾಗ ಒಂದು ಬಕೆಟ್ ನೀರು ಹಾಕಿ. ಒಣಗಿದ ಗುಂಡಿ ಸರಿಯಾಗಿ ಕೆಲಸ ಮಾಡುವುದಿಲ್ಲ. ನೆರೆಯವರಿಗೆ ಮಾತ್ರ ಮೊದಲೇ ಹೇಳಿಬಿಡಿ.