ಅಪ್ಪಾಜಿ ಮ್ಯಾನೇಜ್‌ಮೆಂಟ್ ಆದದ್ದು

ನಮ್ಮ ಮನೆಯಲ್ಲಿ ಗ್ರಾಚ್ಯುಟಿ ಅನ್ನುವುದು ದೇವರ ಜಗಲಿಯ ಮೇಲಿಟ್ಟು ಊದಿನಕಡ್ಡಿ ಬೆಳಗುವಂಥ ಶಬ್ದ. ಅಪ್ಪಾಜಿ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಕೆಲಸಕ್ಕೆ ಸೇರಿದ್ದು 1973ರಲ್ಲಿ. ಗ್ರಾಚ್ಯುಟಿ ಕಾಯ್ದೆ ಬಂದದ್ದು ಅದರ ಹಿಂದಿನ ವರ್ಷ, 1972ರಲ್ಲಿ. ದಿಲ್ಲಿಯವರು ತಮ್ಮ ದಾರಿ ಕಾದು ಕಾಯ್ದೆ ಮಾಡಿಟ್ಟಿದ್ದರು ಅಂತಲೇ ಅವರ ನಂಬಿಕೆ. ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರು. ಮೂವತ್ತೊಂದು ವರ್ಷ ಶಿಫ್ಟ್ ಬಸ್ಸಿನಲ್ಲಿ ಹೋಗಿ ಬಂದು, 2004ರಲ್ಲಿ ರಿಟೈರ್ ಆದಾಗ ಅವರ ಕೈಗೆ ಬಂದದ್ದು 1,39,500 ರೂಪಾಯಿ. ಈ ಲೆಕ್ಕ ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. ಬೇಸಿಕ್ಕು, ಡಿಎ ಸೇರಿ ಕೊನೆಯ ತಿಂಗಳ ಸಂಬಳ 7,800. ಅದನ್ನು 26ರಿಂದ ಭಾಗಿಸು, 15ರಿಂದ ಗುಣಿಸು, ಬಂದದ್ದನ್ನು ಸರ್ವಿಸಿನ 31 ವರ್ಷಕ್ಕೆ ಗುಣಿಸು. ಆ ದುಡ್ಡಿನಲ್ಲಿ ಮನೆಯ ಮೇಲೊಂದು ರೂಮು ಎದ್ದಿತು, ತಂಗಿಯ ಮದುವೆಗೆ ಪೆಂಡಾಲ್ ಬಿತ್ತು, ನನಗೆ ಹ್ಯೂಸ್ಟನ್ನಿಗೆ ಟಿಕೆಟ್ಟಾಯಿತು. ನಾನು ಅಮೆರಿಕದಲ್ಲಿರುವುದೇ ಗ್ರಾಚ್ಯುಟಿ ದೆಸೆಯಿಂದ. ಅಪ್ಪಾಜಿ ನೆಂಟರ ಮುಂದೆ ಇದನ್ನು ನನ್ನ ಎದುರಿಗೇ ಹೇಳುತ್ತಾರೆ.

ಇಂಥವರನ್ನು ಕರೆದುಕೊಂಡು ನಾನು 2023ರಲ್ಲಿ ಹಡಗು ಹತ್ತಿದೆ.

ಅದು ಅವರ ಮದುವೆಯಾಗಿ ಐವತ್ತು ತುಂಬಿದ ವರ್ಷ. ಗ್ಯಾಲ್ವೆಸ್ಟನ್ ಬಂದರಿನಿಂದ ಮೆಕ್ಸಿಕೊದ ಕೊಝುಮೆಲ್ ಕಡೆ ಐದು ರಾತ್ರಿಯ ಪ್ರವಾಸ. ಟಿಕೆಟ್ ಮಾಡಿಸಿದಾಗ ಮನೆಯಲ್ಲಿ ಎರಡು ಸಂಬಳ ಬರುತ್ತಿತ್ತು, ಹತ್ತುವ ಹೊತ್ತಿಗೆ ಒಂದೇ. ಹೆಂಡತಿಯ ಕಂಪನಿಯವರು ಒಂದು ಬೆಳಿಗ್ಗೆ ಬಹಳ ನಯವಾದ ಈಮೇಲ್ ಕಳಿಸಿದ್ದರು. ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸಿಲ್ಲ. ಕಟ್ಟಿದ ದುಡ್ಡು ಹೆಂಗೂ ಮುಳುಗಿತ್ತು, ಹಡಗಾದರೂ ತೇಲಲಿ ಅಂತ ಹೊರಟೆವು. ಅಪ್ಪಾಜಿ, ಅಮ್ಮ, ನಾನು, ಹೆಂಡತಿ, ಮಗಳು. ಒಟ್ಟು ಐದು ತಲೆ. ಊಟ, ತಿಂಡಿ, ಹಾಡು, ನಾಟಕ ಎಲ್ಲ ಟಿಕೆಟ್ಟಿನಲ್ಲೇ ಬಂತು, ಇನ್ನು ಒಂದು ಪೈಸೆ ಬಿಚ್ಚುವ ಹಾಗಿಲ್ಲ ಎಂದು ಅಪ್ಪಾಜಿಗೆ ಹೇಳಿದ್ದೆ. ಸುಳ್ಳು ಅಂತ ನನಗೆ ಗೊತ್ತಿತ್ತು.

ಹಡಗಿನಲ್ಲಿ ತಲೆಗೆ ದಿನಕ್ಕೆ ಇಷ್ಟು ಅಂತ ಟಿಪ್ಸು ತಾನಾಗಿಯೇ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಆ ವರ್ಷ ಕಂಪನಿಗೊಂದರಂತೆ 16ರಿಂದ 20 ಡಾಲರ್ ಇತ್ತು. ನಮ್ಮ ಹಡಗಿನದು 16. ಕೂಸಿಗೂ ಅಷ್ಟೇ, ಹಲ್ಲುಸೆಟ್ಟಿನ ಮುದುಕರಿಗೂ ಅಷ್ಟೇ. ಹಿಂದೆ ಹೀಗಿರಲಿಲ್ಲ. ಕೊನೆಯ ರಾತ್ರಿ ಹಾಸಿಗೆಯ ಮೇಲೆ ಖಾಲಿ ಲಕೋಟೆಗಳನ್ನು ಇಟ್ಟು ಹೋಗುತ್ತಿದ್ದರು, ಮನಸ್ಸು ಬಂದಷ್ಟು ತುಂಬಿ ಕೊಡಬೇಕಿತ್ತು. ಕೆಲವರು ಆ ರಾತ್ರಿ ಊಟಕ್ಕೇ ಬರುತ್ತಿರಲಿಲ್ಲವಂತೆ. ಈಗ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಆದರೂ ಗೆಸ್ಟ್ ಸರ್ವೀಸಸ್ ಕೌಂಟರಿಗೆ ಹೋಗಿ, ಇದನ್ನು ತೆಗೆಯಿರಿ ಅಂದರೆ ತೆಗೆಯುತ್ತಾರೆ. ಐದು ತಲೆ, ಐದು ದಿನ, ಹದಿನಾರು ಡಾಲರ್: ನಾನೂರು. ಆ ತಿಂಗಳ ನಮ್ಮ ಕರೆಂಟು, ನೀರು, ಮಗಳ ಹಲ್ಲಿನ ತಂತಿಯ ಕಂತು, ಮೂರಕ್ಕೂ ಸಾಕಾಗುತ್ತಿತ್ತು. ತೆಗೆಸುವುದೇ ಸೈ ಅಂತ ನಾನು ಮನೆಯಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಹೆಂಡತಿಗೂ ಹೇಳಿರಲಿಲ್ಲ.

ಅಪ್ಪಾಜಿ ಟಿಪ್ಸು ಕೊಡುವವರೇ ಅಲ್ಲ. ಬೆಣ್ಣೆದೋಸೆ ತಿಂದು ಕೈತೊಳೆದು ಗಲ್ಲೆಯ ಹತ್ತಿರ ಹೋದರೆ, ಚಿಲ್ಲರೆ ಎಣಿಸಿ ಜೇಬಿಗಿಟ್ಟು, ಒಂದು ಚಿಟಿಕೆ ಸೋಂಪನ್ನೂ ತೆಗೆದುಕೊಂಡೇ ಬರುವುದು. ಇದು ಜಿಪುಣತನವಲ್ಲ, ಸಿದ್ಧಾಂತ. 'ಸಂಬಳ ಕೊಡೋದು ಮಾಲಕನ ಕೆಲಸ. ಭಕ್ಷೀಸು ಕೊಟ್ಟು ಅವನ ಭಾರ ನಾವ್ಯಾಕೆ ಹೊರಬೇಕು?' ಇನಾಮು, ಭಕ್ಷೀಸು ಇವೆಲ್ಲ ರಾಜರ ಕಾಲದ ಚಟ ಅಂತ ಅವರ ಮತ. ಆ ಚಟದಿಂದಲೇ ನಮ್ಮೂರು ಊರಾದದ್ದು ಅನ್ನುವುದು ಬೇರೆ ಮಾತು. ಹೈದರಾಲಿ ದಾವಣಗೆರೆಯನ್ನು ಮರಾಠಾ ಸರದಾರನೊಬ್ಬನಿಗೆ ಜಹಗೀರಾಗಿ ಕೊಟ್ಟ, ಅವನು ವ್ಯಾಪಾರಸ್ಥರನ್ನು ಕರೆತಂದು ಕೂರಿಸಿದ, ಪೇಟೆ ಬೆಳೆಯಿತು. ಸರದಾರನ ಹೆಸರು ಅಪ್ಪಾಜಿರಾಮ್. ಇದನ್ನು ನಮ್ಮ ಅಪ್ಪಾಜಿಗೆ ಹೇಳಿದರೆ, 'ಅವನು ಯೂನಿಯನ್ನಿನಲ್ಲಿ ಇರಲಿಲ್ಲ ಬಿಡು' ಅಂದರು.

ಅಮ್ಮನ ಕೈ ದೊಡ್ಡದು. ಹರಿಹರದ ಸೇತುವೆಯ ಮೇಲೆ ಬಸ್ಸು ಬಂದರೆ ಸಾಕು, ಕಿಟಕಿಯಿಂದ ತುಂಗಭದ್ರೆಗೆ ನಾಣ್ಯ ಬೀಳಲೇಬೇಕು. ಗ್ಯಾಲ್ವೆಸ್ಟನ್ ಬಿಡುವಾಗ ಡೆಕ್ಕಿನ ಕಂಬಿ ಹಿಡಿದು ಸೊಂಟಕ್ಕೆ ಕೈ ಹಾಕಿದಾಗಲೇ ನನಗೆ ಅನುಮಾನ ಬಂತು. ಹಡಗಿನಿಂದ ಏನನ್ನೂ ನೀರಿಗೆ ಎಸೆಯಬಾರದಮ್ಮಾ ಅಂತ ನಾನು ಹೇಳಿ ಮುಗಿಸುವುದರೊಳಗೆ ಎರಡು ರೂಪಾಯಿಯ ಬಿಲ್ಲೆಯೊಂದು ಮೆಕ್ಸಿಕೊ ಕೊಲ್ಲಿಗೆ ಸಂದಾಯವಾಗಿತ್ತು. 'ಇಷ್ಟು ನೀರು ಐತಿ, ಬರಿಗೈಲಿ ದಾಟ್ತಾರೇನು?'

ಎರಡನೆಯ ದಿನ ಸಂಜೆ ಊಟ ಮುಗಿಸಿ ಬಂದರೆ ಅವರ ಕೋಣೆಯ ಹಾಸಿಗೆಯ ಮೇಲೆ ಟವೆಲ್ಲಿನಿಂದ ಮಾಡಿದ ಆನೆ ಕೂತಿತ್ತು. ಹಡಗಿನಲ್ಲಿ ಇದು ಮಾಮೂಲು. ಕೋಣೆ ನೋಡಿಕೊಳ್ಳುವ ಹುಡುಗರು ದಿನಕ್ಕೊಂದು ಪ್ರಾಣಿ ಮಾಡಿಡುತ್ತಾರೆ. ಸಣ್ಣ ಟವೆಲ್ಲಿನದು ಸೊಂಡಿಲು, ಮಡಿಕೆ ಬಿಡಿಸಿ ಎಳೆದ ಎರಡು ಕಿವಿ, ದೊಡ್ಡ ಟವೆಲ್ಲಿನ ನಾಲ್ಕು ಕಾಲು, ಕಣ್ಣಿನ ಜಾಗಕ್ಕೆ ಅಪ್ಪಾಜಿಯ ಓದುವ ಕನ್ನಡಕ. ಅಮ್ಮ ಒಂದು ಗಳಿಗೆ ನಿಂತು ನೋಡಿದರು. ಕನ್ನಡಕ ತೆಗೆದರು. ಪರ್ಸಿನಿಂದ ವಿಭೂತಿ, ಕುಂಕುಮ ತೆಗೆದು ಹಣೆಗೆ ಹಚ್ಚಿದರು. ಅಲ್ಲಿಗೆ ಆ ಕೋಣೆಯಲ್ಲಿ ಸ್ನಾನದ ಟವೆಲ್ಲು ಇಲ್ಲದ ಹಾಗಾಯಿತು.

'ನೀರು ಸೋರ್ಕೊಂಡು ನಿಂತೀನಿ, ಟವೆಲ್ ಕೊಡೇ' ಅಂತ ಬೆಳಿಗ್ಗೆ ಬಚ್ಚಲಿನಿಂದ ಅಪ್ಪಾಜಿ ಕೂಗಿದರೆ, 'ಗಣಪನ್ನ ಬಿಚ್ಚಿ ಮೈ ಒರೆಸ್ಕೊಂತೀರೇನು?' ಅಂತ ಅಮ್ಮ. ಕಡೆಗೆ ಅವರು ಬೆಡ್‌ಶೀಟಿನಲ್ಲಿ ಮೈ ಒರೆಸಿಕೊಂಡರು.

ಕೋಣೆಯ ಹುಡುಗ ಬಾಲಿ ದ್ವೀಪದವನು. ಕುಂಕುಮ ಹಚ್ಚಿದ ಟವೆಲ್ಲು ನೋಡಿ ಬೈಯುತ್ತಾನೇನೋ ಅಂತ ನಾನು ಹೆದರಿದ್ದೆ. ಅವನು ಕೈ ಮುಗಿದು 'ಓಂ ಸ್ವಸ್ತ್ಯಸ್ತು' ಅಂದುಬಿಟ್ಟ. ಅಮ್ಮನ ಕಣ್ಣಲ್ಲಿ ನೀರು. ಬಾಲಿಯಲ್ಲಿ ಅದು ನಮಸ್ಕಾರದ ಮಾತು, ಅವರಲ್ಲೂ ಗಣಪ ಇದ್ದಾನೆ ಅಂತ ನಾನು ವಿವರಿಸಲು ಹೋದರೆ, 'ನಂಗೆ ತಿಳೀತು, ನೀ ಸುಮ್ನಿರು' ಅಂದರು. ಅವನ ಇಂಗ್ಲಿಷು, ಅಮ್ಮನ ಕನ್ನಡ, ಎರಡೂ ಸೇರಿ ಐದು ನಿಮಿಷದಲ್ಲಿ ಅವನ ಸಂಸಾರವೆಲ್ಲ ಹೊರಗೆ ಬಂತು. ಊರಲ್ಲಿ ಹೆಂಡತಿ, ಒಂದು ಮಗು. ಎಂಟು ತಿಂಗಳ ಒಪ್ಪಂದ, ಆ ಎಂಟು ತಿಂಗಳಲ್ಲಿ ವಾರದ ರಜೆ ಅನ್ನುವುದಿಲ್ಲ. ಇಪ್ಪತ್ತು ಚಿಲ್ಲರೆ ಕೋಣೆಗಳಿಗೆ ದಿನಕ್ಕೆ ಎರಡು ಸಲ ಹಾಸಿಗೆ. ಗಣಪ ಕೋಣೆಯಲ್ಲೇ ಉಳಿದ, ಹೊಸ ಟವೆಲ್ಲುಗಳು ಬಂದವು. ಮರುದಿನ ಅವನು ಕೋತಿ ಮಾಡಿಟ್ಟ. ಹನುಮಪ್ಪನಿಗೂ ಕುಂಕುಮ ಬಿತ್ತು.

ನಾಲ್ಕನೆಯ ರಾತ್ರಿ ಅಪ್ಪಾಜಿ ಟಿವಿಯ ರಿಮೋಟ್ ಒತ್ತುತ್ತ ಒತ್ತುತ್ತ ಹೋಗಿ ನಮ್ಮ ಲೆಕ್ಕದ ಪುಟಕ್ಕೆ ಬಂದು ನಿಂತಿದ್ದಾರೆ. ನನಗೆ ಕರೆ ಬಂತು. ಹೋದರೆ ಮುಖ ಅರಳಿದೆ.

'ಏನೋ ತಮ್ಮಾ, ಗ್ರಾಚ್ಯುಟಿ ಅಂತ ಬಂದೈತಿ! ನಾನೂರು ಡಾಲರು! ನಿಂಗೆ ಬಂದಿರೋದಾ?'

'ಬಂದಿರೋದಲ್ಲ ಅಪ್ಪಾಜಿ, ಹೋಗೋದು. ಇಲ್ಲಿ ಟಿಪ್ಸಿಗೆ ಗ್ರಾಚ್ಯುಟಿ ಅಂತಾರೆ.'

ಅವರು ಹಾಸಿಗೆಯ ಮೇಲೆ ಗಣಪನ ಪಕ್ಕದಲ್ಲಿ ಕೂತರು. ಮೊದಲು ಲೆಕ್ಕ ಮಾಡಿದರು. ಡಾಲರಿಗೆ 82ರಂತೆ 32,800. 'ನನ್ನ ನಾಕು ತಿಂಗಳ ಸಂಬಳಕ್ಕಿಂತ ಜಾಸ್ತಿ.' ಆಮೇಲೆ, 'ಇದು ಆ ಹುಡುಗನಿಗೆ ಹೋಗತೈತೇನು?'

ಅವನಿಗೆ, ಊಟ ಬಡಿಸುವವರಿಗೆ, ಒಳಗೆ ಪಾತ್ರೆ ತೊಳೆಯುವವರಿಗೆ ಹಂಚುತ್ತೇವೆ ಅಂತ ಕಂಪನಿ ಹೇಳುತ್ತದೆ ಅಂದೆ. ಅವನ ದುಡಿಮೆಯಲ್ಲಿ ಇದೇ ದೊಡ್ಡ ಪಾಲು ಅಂತಲೂ ಬಾಯಿತಪ್ಪಿ ಹೇಳಿದೆ. ಹಡಗಿಗೆ ಅಮೆರಿಕದ ಕನಿಷ್ಠ ಕೂಲಿ ಇಲ್ಲವೇ ಅಂತ ಕೇಳಿದರು. ಇಲ್ಲ, ಇಂಥ ಹಡಗುಗಳು ಬಹಮಾಸಿನಲ್ಲೋ ಪನಾಮಾದಲ್ಲೋ ರಿಜಿಸ್ಟರ್ ಆಗಿರುತ್ತವೆ, ಬಾವುಟ ಅಲ್ಲಿಯದು. ನೆಲದ ಮೇಲಾದರೂ ಏನು ಮಹಾ, ಟಿಪ್ಸು ಸಿಗುವ ಕೆಲಸಗಾರನಿಗೆ ಮಾಲಕ ಕೊಡಲೇಬೇಕಾದ ಕೂಲಿ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಗಂಟೆಗೆ 2.13 ಡಾಲರ್, 1991ರಿಂದ ಕದಲಿಲ್ಲ.

'ಅಂದ್ರೆ ಗ್ರಾಚ್ಯುಟಿ ಕೊಡೋರು ಕಂಪನಿಯೋರಲ್ಲ. ನಾವು.'

'ಹೂಂ.'

'ಅಂದ್ರೆ ನಾವೀಗ ಮ್ಯಾನೇಜ್‌ಮೆಂಟು.'

ಮೂವತ್ತೊಂದು ವರ್ಷ ಗೇಟ್ ಮೀಟಿಂಗಿನಲ್ಲಿ ನಿಂತು ಮ್ಯಾನೇಜ್‌ಮೆಂಟಿಗೆ ಧಿಕ್ಕಾರ ಕೂಗಿದವರ ಮುಖದಲ್ಲಿ ಆಗ ಕಂಡದ್ದನ್ನು ಬರೆಯುವುದು ಕಷ್ಟ. ಸ್ವಲ್ಪ ಗಾಬರಿ ಇತ್ತು, ಸ್ವಲ್ಪ ಜಂಬವೂ ಇತ್ತು.

ನಾನು ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಕಾನೂನು ಗೊತ್ತಿರುವವನ ಹಾಗೆ, 'ಐದು ವರ್ಷ ಸರ್ವಿಸ್ ಆಗದಿದ್ರೆ ಗ್ರಾಚ್ಯುಟಿ ಇಲ್ಲ ಅಂತ ನೀವೇ ಹೇಳ್ತಿದ್ರಿ. ಇವನದು ಐದೇ ದಿನ' ಅಂದೆ.

ಅಪ್ಪಾಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ಹಿಂಗೆ ಮಾತಾಡೋ ಪರ್ಸನಲ್ ಮ್ಯಾನೇಜರ್ ಒಬ್ಬ ನಮ್ಮ ಕಾರ್ಖಾನೆಯಲ್ಲೂ ಇದ್ದ.'

ನಾನು ಬಗ್ಗಲಿಲ್ಲ. ಎಲ್ಲರೂ ಮಲಗಿದ ಮೇಲೆ ಹನ್ನೊಂದೂವರೆಗೆ ಕೌಂಟರಿಗೆ ಹೋದೆ. ಕ್ಯೂ ಇತ್ತು. ನನ್ನ ಮುಂದಿದ್ದವರ ಫೋನಿನಲ್ಲಿ ಕನ್ನಡ ಹಾಡು ಸಣ್ಣಗೆ ಬಡಿದುಕೊಂಡಿತು. ಡಲ್ಲಾಸಿನವರು, ಮೂಲ ರಾಣೆಬೆನ್ನೂರು. 'ಏನಿಲ್ಲ, ನಮ್ ಕೋಣೆ ಟಿವಿ ರಿಮೋಟ್ ಕೆಟ್ಟೈತಿ, ಹೇಳಿ ಹೋಗೋಣಂತ' ಅಂದರು. ನಮ್ಮದೂ ರಿಮೋಟೇ ಅಂದೆ. ಇಬ್ಬರೂ ಕಾರ್ಪೆಟ್ಟು ನೋಡುತ್ತ ನಿಂತೆವು. ಅವರ ಸರದಿ ಬಂದಾಗ ಕೌಂಟರಿನ ಹುಡುಗಿಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ರಿಮೋಟಿನ ವಿಷಯವನ್ನು ಯಾರೂ ಅಷ್ಟು ಮೆಲ್ಲಗೆ ಹೇಳುವುದಿಲ್ಲ.

ಆಗ ನನಗೆ ನೆನಪಾದದ್ದು ಹರಿಹರೇಶ್ವರ ದೇವಸ್ಥಾನ. ಶಾಲೆಯಿಂದ ಕರೆದುಕೊಂಡು ಹೋಗಿದ್ದರು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅಂಗಳದ ತುಂಬ ಶಾಸನದ ಕಲ್ಲುಗಳು. ನಮ್ಮ ಕಡೆಯ ದಾನಶಾಸನಗಳ ಕೊನೆಗೆ ಒಂದು ಶಾಪ ಇರುವುದು ವಾಡಿಕೆ ಅಂತ ಮೇಷ್ಟ್ರು ಹೇಳಿದ್ದರು. ಕೊಟ್ಟ ದತ್ತಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ನಾನೂರು ಡಾಲರಿಗೆ ಅರವತ್ತು ಸಾವಿರ ವರ್ಷ. ಹೇಗೆ ಭಾಗಿಸಿದರೂ ಲಾಭದ ಬಾಬತ್ತಲ್ಲ. ಅಷ್ಟರಲ್ಲಿ ಹೆಗಲ ಮೇಲೆ ಕೈ ಬಿತ್ತು. ಸ್ವೆಟರು, ಮಫ್ಲರು, ಅಪ್ಪಾಜಿ.

'ನಿದ್ದೆ ಬರಲಿಲ್ಲ. ಟಿವಿ ರಿಮೋಟ್ ಏನಾರ ಕೆಟ್ಟೈತೇನು ಕೇಳೋಣಂತ ಬಂದೆ.'

ಎಷ್ಟು ಹೊತ್ತಿನಿಂದ ನಿಂತಿದ್ದರೋ. 'ರೊಕ್ಕದ ತಾಪತ್ರಯ ಇದ್ರೆ ಹೇಳಬೇಕಪ್ಪ. ಸೊಸೆ ಕೆಲಸ ಹೋಗಿದ್ದು ನಂಗೆ ಮೊದಲ ವಾರವೇ ಗೊತ್ತಾಗೇತಿ. ಬೆಳಗಾದ್ರೆ ಅಷ್ಟು ಸಾವಕಾಶ ಚಹಾ ಕುಡೀತಿರಲಿಲ್ಲ ಆಕೆ.' ಕ್ಯೂ ಬಿಟ್ಟು ಮೇಲಕ್ಕೆ ಹೋಗಿ, ಪುಕ್ಕಟೆ ಸಿಗುವ ಐಸ್‌ಕ್ರೀಮು ತಿಂದೆವು. ಅವರು ಮೂರು ಸಲ ಹಾಕಿಸಿಕೊಂಡರು. ಕೊಟ್ಟ ದುಡ್ಡು ವಸೂಲಿ ಮಾಡುವುದರಲ್ಲಿ ಮ್ಯಾನೇಜ್‌ಮೆಂಟು ಹಿಂದೆ ಬೀಳಲಿಲ್ಲ.

ನಾನೂರು ಹೋಯಿತು. ಇಳಿಯುವ ದಿನ ಅಮ್ಮ ತಮ್ಮದೇ ಬೇರೆ ಶುರು ಮಾಡಿದರು. ಚೌಕಿಪೇಟೆಯಲ್ಲಿ ಡಜನ್ನಿಗೆ ಕೊಂಡ, ಮೇಲೆ ಒಂದು ರೂಪಾಯಿ ಅಂಟಿಸಿದ ಮುಯ್ಯಿ ಕವರು ಅವರ ಬ್ಯಾಗಿನಲ್ಲಿ ಯಾವತ್ತೂ ಇರುತ್ತದೆ. ನನ್ನಿಂದ ಇಪ್ಪತ್ತು ಡಾಲರ್ ಇಸಿದುಕೊಂಡರು. 'ಇನ್ನೊಂದು ಕೊಡು. ಸೊನ್ನೆ ಬರಬಾರದು.' ಕವರಿನ ಮೇಲೆ ರೂಪಾಯಿ ಇದೆಯಲ್ಲಮ್ಮಾ ಅಂದೆ. 'ಅದು ರೂಪಾಯಿ. ಡಾಲರಿಗೆ ಡಾಲರೇ ಆಗಬೇಕು.' ಕೊಟ್ಟೆ. ಉಳಿದ ಮಂಡಕ್ಕಿ ಪ್ಯಾಕೆಟ್ಟನ್ನೂ ಅದರ ಜೊತೆಗಿಟ್ಟರು. ಹುಡುಗ ಕವರನ್ನು ಹಣೆಗೆ ಒತ್ತಿಕೊಂಡ. ಅಮ್ಮನ ಲೆಕ್ಕದಲ್ಲಿ ಅದು ಟಿಪ್ಸಲ್ಲ. ಮುಯ್ಯಿ ಪುಸ್ತಕದಲ್ಲಿ ಈಗಲೂ 'ಹಡಗಿನ ಹುಡುಗ, 21 ಡಾಲರು' ಅಂತ ಬರೆದಿದೆ. ಅವನ ಮಗುವಿನ ಮದುವೆಗೆ ಕರೆ ಬಂದೀತು ಅಂತ ಕಾಯುತ್ತಿದ್ದಾರೆ. ಗಣಪ ಸೂಟ್‌ಕೇಸಿನಲ್ಲಿ ನಮ್ಮ ಜೊತೆಗೇ ಬರುತ್ತಿದ್ದ. ಟವೆಲ್ಲಿಗೂ ದುಡ್ಡು ಹಾಕುತ್ತಾರೆ ಅಂತ ಹೇಳಿ ಬಿಡಿಸಿದೆ.

ಮರುವರ್ಷ ನಾನು ದಾವಣಗೆರೆಗೆ ಹೋದಾಗ ಅಪ್ಪಾಜಿ ಬೆಣ್ಣೆದೋಸೆಗೆ ಕರೆದುಕೊಂಡು ಹೋದರು. ಸೌದೆ ಒಲೆ, ಹೊಗೆ, ದೋಸೆಯ ಮೇಲೆ ಕರಗುತ್ತಿದ್ದ ಬೆಣ್ಣೆಯ ಉಂಡೆ, ಬಿಳೀ ಚಟ್ನಿ, ಆಲೂಗಡ್ಡೆ ಪಲ್ಯ. ಮೂರು ದೋಸೆಗೆ 210 ರೂಪಾಯಿ. ಅಪ್ಪಾಜಿ ಬೆರಳಲ್ಲಿ ಏನೋ ಎಣಿಸಿ, ಯಾರೂ ನೋಡದ ಹಾಗೆ 40 ರೂಪಾಯಿಯನ್ನು ತಟ್ಟೆಯ ಅಡಿಗೆ ಸರಿಸಿ ಎದ್ದರು. ಅಮೆರಿಕದ 18 ಪರ್ಸೆಂಟು ಹಿಡಿದು, ಮೇಲಕ್ಕೆ ರೌಂಡ್ ಮಾಡಿದ್ದರು. ನಾನು ನೋಡಿಯೂ ನೋಡದಂತಿದ್ದೆ.

ಸ್ಕೂಟರಿನ ಹತ್ತಿರ ಬಂದಿದ್ದೆವು. ಸಪ್ಲೈಯರ್ ಹುಡುಗ ಓಡಿಬಂದ.

'ಯಜಮಾನ್ರೇ, ರೊಕ್ಕ ಬಿಟ್ಟು ಹೊಂಟೀರಿ.'

'ಬಿಟ್ಟಿದ್ದಲ್ಲೋ. ನಿಂಗೇ ಅದು. ಗ್ರಾಚ್ಯುಟಿ.'

ಹುಡುಗ ಹಿಂದೆ ಸರಿದ. 'ನಮ್ಮಪ್ಪನೂ ಹರಿಹರದಾಗೆ ಫ್ಯಾಕ್ಟರಿಯಲ್ಲೇ ಇದ್ದಿದ್ದು, ನಂಗೆ ಗೊತ್ತೈತ್ರಿ. ಅದಕ್ಕೆ ಐದು ವರ್ಷ ಆಗಬೇಕು. ನಾ ಬಂದು ಇನ್ನೂ ಎರಡು ತಿಂಗಳಾಗಿಲ್ಲ' ಅಂತ ನಾಲ್ಕು ಹತ್ತರ ನೋಟನ್ನು ಅಪ್ಪಾಜಿಯ ಜೇಬಿಗೇ ತುರುಕಿ ಒಳಗೆ ಓಡಿದ.

ಅಪ್ಪಾಜಿ ನನ್ನ ಮುಖ ನೋಡಿದರು. ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ.